ರಹೀಮನ ಹೆಸರಿನ ಭರಣಿ

ಹರಿಹರದ ಅರಳೆ ವ್ಯಾಪಾರಿ ಬಕ್ಕೇಶಪ್ಪ ಮನೆಯಲ್ಲೇ ಕದ್ದುಮುಚ್ಚಿ ವೈನು ಮಾಡಿದ. ಪೊಲೀಸರು ಅವನಿಗೆ ದ್ರಾಕ್ಷಿ ಮಾರಿದ ಅಬ್ದುಲ್ ರಹೀಮನನ್ನು ಲಾಕಪ್ಪಿಗೆ ಹಾಕಿದರು.

ಪಾನನಿರೋಧದ ಕಾಲ. ವೈನು ಮಾಡುವ ಬಗೆಯನ್ನು ದಾವಣಗೆರೆಯ ಗೆಳೆಯರಿಂದ ಅರ್ಧಂಬರ್ಧ ಕೇಳಿಕೊಂಡು ಬಂದಿದ್ದ ಬಕ್ಕೇಶಪ್ಪ, ಹಿಸುಕಿದ ದ್ರಾಕ್ಷಿಗೆ ಸಕ್ಕರೆ ಸುರಿದು, "ಉಪ್ಪಿನಕಾಯಿಗೆ ಕಟ್ಟಿದಂಗೆ ಬಿಗಿಯಾಗಿ ಕಟ್ಟು" ಎಂದು ಹೆಂಡತಿಗೆ ಹೇಳಿದ್ದ. ಕಸ್ತೂರಮ್ಮ ಭರಣಿಯ ಬಾಯಿಗೆ ಹಿಟ್ಟು ಮೆತ್ತಿ, ಬಟ್ಟೆ ಬಿಗಿದಿದ್ದಳು. ಉಸಿರಾಡಲು ಸಂದು ಸಿಗದ ರಸ ಹುದುಗೆದ್ದು ಉಬ್ಬಿ, ಒಂಬತ್ತನೆಯ ದಿನ ಮಟಮಟ ಮಧ್ಯಾಹ್ನ ಭರಣಿಯನ್ನೇ ಸೀಳಿತು. ಸದ್ದಿಗೆ ಓಣಿಯೇ ಓಡಿಬಂತು, ವಾಸನೆಗೆ ಪೊಲೀಸರು ಬಂದರು.

ಈಗ ಜಮಾದಾರ ಪಡಸಾಲೆಯಲ್ಲಿ ಕೂತು ಕಸ್ತೂರಮ್ಮನತ್ತ ಕಾಗದ ಚಾಚಿದ. "ಸಹಿ ಹಾಕ್ರಿ ಅಮ್ಮಾರೇ. ಶರಬತ್ತು ಅಂತ ಹೇಳಿ ರಹೀಮ ಭರಣಿ ಇಟ್ಟು ಹೋದ, ನಿಮಗೇನೂ ಗೊತ್ತಿಲ್ಲ. ಅಷ್ಟೇ ಬರ್ದೀನಿ."

"ಅಷ್ಟು ಬಿಗಿಯಾಗಿ ಕಟ್ಟೋದು ಅವನಿಗೆ ಬರ್ತೈತಾ?" ಎಂದಳು ಕಸ್ತೂರಮ್ಮ.

ಬಕ್ಕೇಶಪ್ಪ ಹಲ್ಲು ಕಡಿದ. "ಹಣ್ಣಿನ ಸಾಬಿ ಆರು ತಿಂಗಳು ಒಳಗಿದ್ರೆ ಲೋಕ ಮುಳುಗ್ತೈತಾ? ನಾನು ಹೋದ್ರೆ ಈ ಮನೆ ಗತಿ ಏನು? ಸುಮ್ನೆ ಹಾಕು."

"ಅವನ ಮನ್ಯಾಗೂ ಒಲೆ ಐತ್ರಿ."

ಅವಳು ಲೇಖನಿಯನ್ನು ಜಮಾದಾರನ ಕಡೆ ತಳ್ಳಿದಳು. "ನಡೆದದ್ದು ಬರ್ಕೊಳ್ರಿ, ಹಾಕ್ತೀನಿ. ಇದಕ್ಕೆ ನಾ ಹಾಕಲ್ಲ."