ಬೀಳಲು ಕಲಿಸಿದ ಪೆಟಿಫರ್

ಸಮತಟ್ಟಾದ ನೆಲದಲ್ಲೂ ಎದುರಿಗೊಂದು ಮೆಟ್ಟಿಲಿದೆಯೆಂಬಂತೆ ಪಾದವನ್ನು ತುಸು ಮೇಲೆತ್ತಿ, ಕ್ಷಣಕಾಲ ಗಾಳಿಯಲ್ಲೇ ಅನುಮಾನಿಸಿ, ಬಳಿಕ ಕೆಳಗಿಡುವುದು ರೋಲಂಡ್ ಪೆಟಿಫರ್ ಅವರ ನಡಿಗೆ. ಸಾವಿರದೊಂಬೈನೂರ ಎಂಬತ್ಮೂರರಲ್ಲಿ ಸೌದಿಯ ಅಲ್ ಖೋಬರಿನ ನಮ್ಮ ಕಂಪೆನಿಯ ಕಾರ್ಮಿಕರಿಗೆ ಇಂಗ್ಲಿಷ್ ಕಲಿಸಲು ಬಂದ ಈ ವೃದ್ಧ ಆಂಗ್ಲರು, ಕಡಲ ಸೆಕೆಗೆ ನಮಗೆಲ್ಲ ಬನಿಯನ್ನೂ ಭಾರವಾಗಿದ್ದಾಗ, ಮೊಣಕೈಗೆ ತೇಪೆ ಹಾಕಿದ ಕಂದು ಕೋಟನ್ನು ಗುಂಡಿ ಹಾಕಿ ಧರಿಸಿಯೇ ಪಾಠ ಹೇಳುತ್ತಿದ್ದರು.

ಅಲ್ಲಿ ಟೈಪಿಸ್ಟನಾಗಿದ್ದ ನನಗೆ ಅವರ ಪೂರ್ವವೃತ್ತಾಂತ ತಿಳಿದದ್ದು ನಿಧಾನವಾಗಿ. ಲಂಡನ್ನಿನ ರಂಗಮಂದಿರಗಳಲ್ಲೂ ಟೆಲಿವಿಷನ್ನಿನಲ್ಲೂ ಅವರು ದೀರ್ಘಕಾಲ ಹಾಸ್ಯನಟರಾಗಿದ್ದವರು. ತಟ್ಟೆ ಹಿಡಿದು ಬಂದು ಬೀಳುವ ಬಟ್ಲರನ ಪಾತ್ರವೇ ಅವರಿಗೆ ಅನ್ನ ಹಾಕಿತ್ತು. ಜೊತೆಗಾರ ಆರ್ಥರ್ ಒಂದು ಸಂಜೆ ರಂಗದ ಮೇಲೆಯೇ ಎದೆ ಹಿಡಿದು ಕುಸಿದಾಗ, ಸಭೆ ಅದನ್ನೂ ಆಟವೆಂದೇ ತಿಳಿದು ಗೊಳ್ಳೆಂದು ನಕ್ಕಿತಂತೆ. ಪರದೆ ಇಳಿಯುವಷ್ಟರಲ್ಲಿ ಆತನ ಪ್ರಾಣ ಹೋಗಿತ್ತು. "ಆ ನಗು ಇನ್ನೂ ಕಿವಿಯಲ್ಲಿದೆ" ಎಂದಷ್ಟೇ ಹೇಳಿ ಪೆಟಿಫರ್ ಮಾತು ಬದಲಿಸಿದ್ದರು. ಆಮೇಲೆ ಅವರು ಬಣ್ಣ ಹಚ್ಚಿರಲಿಲ್ಲ.

ಅವರ ತರಗತಿಯಲ್ಲಿದ್ದ ಉಳ್ಳಾಲದ ಕಲಂದರ್ ಎಂಬಾತ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡ. ಮೂಳೆ ಕೂಡಿತು, ಎದ್ದು ನಿಲ್ಲುವ ಧೈರ್ಯ ಕೂಡಿಬರಲಿಲ್ಲ. ಹೀಗೇ ಮಲಗಿದ್ದರೆ ಊರಿಗೆ ಕಳಿಸಿಬಿಡುವುದಾಗಿ, ಅವನನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲ್ ಹೇಳಿಕಳುಹಿಸಿದ್ದ. ಒಂದು ಶುಕ್ರವಾರ ನಾನೂ ಪೆಟಿಫರರೂ ಆಸ್ಪತ್ರೆಗೆ ಹೋದಾಗ ಕಲಂದರ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ, "ನಡೀಲಿಕ್ಕೆ ಹೆದರಿಕೆ ಎಂತ ಇಲ್ಲ ಮಾರಾಯ. ಪುನಃ ಬಿದ್ರೆ ಅಂತ ಹೆದರಿಕೆ" ಎಂದ. ನಾನದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ.

ಪೆಟಿಫರ್ ಕೋಟು ಬಿಚ್ಚಿ ನನ್ನ ಕೈಗಿತ್ತು, ಊಟದ ಖಾಲಿ ತಟ್ಟೆಯನ್ನೆತ್ತಿ ಮಹಾ ಗಾಂಭೀರ್ಯದಿಂದ ನಡೆದುಬಂದು, ಏನೂ ಇಲ್ಲದಲ್ಲಿ ಎಡವಿ, ಅಷ್ಟುದ್ದ ಬಿದ್ದರು. ತಟ್ಟೆ ಮಾತ್ರ ಕೈಯಲ್ಲಿ ನೆಟ್ಟಗಿತ್ತು. ವಾರ್ಡಿಗೆ ವಾರ್ಡೇ ನಕ್ಕಿತು. ಆ ಸದ್ದಿಗೆ ಅವರ ಮುಖ ಬಿಳಿಚಿಕೊಂಡದ್ದನ್ನು ಕಂಡೆ. ನೆಲದಲ್ಲೇ ಕುಳಿತು ಅವರು ಅದನ್ನು ಕೊನೆಯವರೆಗೂ ಆಲಿಸಿದರು. ಕಲಂದರನೂ ನಗುತ್ತಿದ್ದ.

ಆಗ ಅವರೆದ್ದು ಇನ್ನೊಮ್ಮೆ, ಈ ಸಲ ಮೆಲ್ಲಗೆ ಬಿದ್ದು ತೋರಿಸಿದರು: ಮೊದಲು ಮಂಡಿ ಸಡಿಲ, ಆಮೇಲೆ ಸೊಂಟ, ಕೊನೆಗೆ ಭುಜ. "ಮೊದಲು ಬೀಳುವುದನ್ನು ಕಲಿ. ಯಲ್ಲಾ" ಎಂದು ಅರಬ್ಬಿಯಲ್ಲಿ ಹುರಿದುಂಬಿಸಿದರು.

ವೈದ್ಯರ ಅನುಮತಿ ಪಡೆದು, ನೆಲಕ್ಕೆ ಹಾಸಿಗೆ ಹಾಸಿ, ವಾರವಾರವೂ ಪಾಠ ನಡೆಯಿತು. ರಮಳಾನಿನ ಉಪವಾಸಕ್ಕೆ ಮುಂಚೆ ಕಲಂದರ್ ಊರುಗೋಲಿಲ್ಲದೆ ಕೆಲಸಕ್ಕೆ ಬಂದ. ಆ ಚಳಿಗಾಲ ಬ್ರಿಟಿಷರ ವಸತಿಯ ಹವ್ಯಾಸಿ ನಾಟಕದಲ್ಲಿ ಬಣ್ಣ ಹಚ್ಚಲು ಕರೆದಾಗ ಪೆಟಿಫರ್ ಇಲ್ಲವೆನ್ನಲಿಲ್ಲ.

ಇಂಥವರ ಕುಲ ದೊಡ್ಡದಲ್ಲ. ನಮಗೆಲ್ಲ ಎಂದಾದರೊಂದು ದಿನ ಬರಲಿರುವ ಅವಮಾನವನ್ನು ನಮಗಿಂತ ಮೊದಲೇ ಮೈಮೇಲೆಳೆದುಕೊಂಡು, ಅದಾದ ಮೇಲೂ ಮನುಷ್ಯ ಎದ್ದು ಧೂಳು ಕೊಡವಿಕೊಳ್ಳಬಹುದೆಂದು ಅವರು ತೋರಿಸಿಕೊಡುತ್ತಾರೆ. ನಾವು ಅದನ್ನು ಬರಿಯ ನಗುವೆಂದು ತಿಳಿದು ಹಗುರಾಗಿ ಮನೆಗೆ ಹೋಗುತ್ತೇವೆ.