ಅಪ್ಪಣೆಗೆ ಬಗ್ಗಿದ ತಲೆ

ಬೀದಿಯವರೆಲ್ಲ ಅವನನ್ನು ಕೊನೇಜನ್ಮ ಎಂದೇ ಕರೆಯುತ್ತಿದ್ದರು. ಕಂಡಕಂಡವರ ಮುಂದೆ "ಇದೇ ನನ್ನ ಕೊನೇ ಜನ್ಮ, ಇನ್ನು ಹುಟ್ಟೋ ಮಾತೇ ಇಲ್ಲ" ಎಂದು ಹೇಳಿಕೊಂಡು ಓಡಾಡುವವನಿಗೆ ಇನ್ನೇನು ಹೆಸರಿಟ್ಟಾರು? ಪಕ್ಕದ ಬೀಗ ರಿಪೇರಿಯವನು ಅಂಗಡಿಯೊಳಕ್ಕೆ ತಲೆ ಹಾಕಿ, "ಏನಕ್ಕಾ, ಕೊನೇಜನ್ಮ ಎದ್ದಿದ್ದಾರಾ?" ಎಂದು ಕೇಳಿದಾಗಲೆಲ್ಲ ಕೊನೇಜನ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು.

"ಎದ್ದಿದ್ದಾರೆ. ಹುಟ್ಟು ಸಾವು ಎರಡನ್ನೂ ಗೆದ್ದಾಯ್ತು. ಹಾಸಿಗೆ ಮಡಚೋದೊಂದು ಬಾಕಿ."

ಕೆಳಗೆ ಲಾಂಡ್ರಿ, ಮೇಲೆ ಮನೆ. ಮದುವೆಯಾದ ಹೊಸದರಲ್ಲಿ ಇಸ್ತ್ರಿ ಮಾಡುತ್ತಿದ್ದವನು ಅವನು, ಮಡಚಿ ಕಟ್ಟು ಕಟ್ಟುತ್ತಿದ್ದವಳು ಅವಳು. ಈಗ ಒಗೆಯುವುದರಿಂದ ಹಿಡಿದು ಕಟ್ಟು ಕಟ್ಟುವವರೆಗೆ ಎಲ್ಲ ಅವಳದೇ. ಅವನು ಮೊದಲು ವೇದಾಂತದ ಪ್ರವಚನಕ್ಕೆ ಹೋಗಿ, ಆತ್ಮವೊಂದೇ ಸತ್ಯ ಎಂದು ಕಲಿತು ಬಂದ. ಆಮೇಲೆ ಊರಾಚೆಯ ಬುದ್ಧವಿಹಾರಕ್ಕೆ ಹೋಗಿ, ಆತ್ಮವೆಂಬುದೇ ಇಲ್ಲ ಎಂದು ಕಲಿತು ಬಂದ. ಆತ್ಮ ಇದ್ದಾಗಲೂ ಇಲ್ಲದಾಗಲೂ ಅವನ ಬನಿಯನ್ ಒಗೆದವಳು ಅವಳೇ.

ಇಷ್ಟನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಮೇಲಿನ ಕೋಣೆಯಲ್ಲಿತ್ತು. ಅವನ ತಾಯಿಗೆ ಪಾರ್ಶ್ವವಾಯು ಬಡಿದು ಬಲಭಾಗವೂ ಮಾತೂ ಹೋಗಿದ್ದವು. ಕಣ್ಣು ಮೊದಲೇ ಮಂಜು. ಉಳಿದದ್ದು ಒಂದು ಎಡಗೈ. ಆ ಕೈಯಿಂದಲೇ ಮುದುಕಿ ಜನರ ಗುರುತು ಹಿಡಿಯುತ್ತಿದ್ದಳು. ಸೊಸೆ ಹತ್ತಿರ ಬಂದರೆ ಮಣಿಕಟ್ಟಿನ ಮೇಲಿನ ಇಸ್ತ್ರಿ ಸುಟ್ಟ ಗಾಯದ ಕಲೆಯನ್ನು ಸವರಿ ಸಮಾಧಾನವಾಗುವಳು. ಮಗನನ್ನು ಗುರುತಿಸುತ್ತಿದ್ದದ್ದು ಅವನ ಗುಂಗುರು ಕೂದಲಿನಿಂದ. ಚಿಕ್ಕಂದಿನಲ್ಲಿ ಎಷ್ಟು ಎಣ್ಣೆ ತಿಕ್ಕಿ ಬಾಚಿದರೂ ಅಡಗದಿದ್ದ ಕೂದಲು ಅದು. ಆದರೆ ಮಗ ಹತ್ತಿರ ಬಂದರಲ್ಲವೇ ಗುರುತಿಸುವುದು!

"ಒಂದು ಕೈ ಹಿಡೀರಿ, ಮಗ್ಗುಲು ತಿರುಗಿಸೋಣ. ಬೆನ್ನಲ್ಲಿ ಹುಣ್ಣಾಗಿದೆ" ಎಂದು ಅವಳು ಕರೆದರೆ ಅವನು ಬಾಗಿಲಲ್ಲೇ ನಿಂತು ಕಣ್ಣು ಮುಚ್ಚುತ್ತಿದ್ದ.

"ನೋಡು, ಅದು ಅಮ್ಮನ ಪ್ರಾರಬ್ಧ. ಅನುಭವಿಸಿಯೇ ತೀರಬೇಕು. ನೀನು ಸೇವೆ ಮಾಡ್ತಾ ಇದ್ದೀಯಲ್ಲ, ನಿನ್ನ ಕರ್ಮಾನೂ ಸವೀತಾ ಇದೆ. ನಿಂಗೂ ಒಳ್ಳೇದೇ."

ಅವಳ ಮೈಯೆಲ್ಲ ಉರಿದುಹೋಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಈ ಮನೆಯಲ್ಲಿ ಮಾತ್ರ ಮಾಡುವವಳು ಒಬ್ಬಳು, ಉಣ್ಣುವವನು ಇನ್ನೊಬ್ಬ. ಅವನ ಕರ್ಮ ಯಾವ ಕಡೆಯಿಂದ ಸವೆಯುತ್ತಿದೆ ಎಂದು ಯಾರೂ ಕೇಳುವ ಹಾಗಿರಲಿಲ್ಲ.

ಒಂದು ದಿನ ಅವನು ಊಟದ ತಟ್ಟೆಯ ಮುಂದೆ ಕೂತು ಹೇಳಿದ: "ಮುಂದಿನ ಹುಣ್ಣಿಮೆಗೆ ನಾನು ವಿಹಾರ ಸೇರ್ತೀನಿ. ಭಿಕ್ಷುವಾಗ್ತೀನಿ. ಅಮ್ಮನ ಅಪ್ಪಣೆ ಒಂದಾಗಬೇಕು. ಹೆತ್ತವರು ಬದುಕಿದ್ರೆ ಅವರ ಒಪ್ಪಿಗೆ ಇಲ್ದೆ ಅಲ್ಲಿ ಸೇರಿಸ್ಕೊಳ್ಳಲ್ಲ. ಹಿರಿಯ ಭಿಕ್ಷುಗಳೇ ಮನೆಗೆ ಬಂದು ಕೇಳ್ತಾರಂತೆ."

"ನನ್ನ ಅಪ್ಪಣೆ?"

"ಹೆಂಡತೀದು ಬೇಕು ಅಂತ ನಿಯಮ ಇಲ್ಲ."

"ನಾನು ಸೇರೋದಾದ್ರೆ?"

ಅವನು ಅನ್ನ ಕಲಸುತ್ತ, "ಹೆಂಗಸಾದ್ರೆ ಗಂಡನ ಅಪ್ಪಣೆ ಬೇಕು" ಎಂದ. ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಎಸೆದು ಎದ್ದು ಹೋದಳು.

ಮಾತಿಲ್ಲದ ತಾಯಿ ಅಪ್ಪಣೆ ಕೊಡುವುದು ಹೇಗೆ? ಕೊನೇಜನ್ಮ ಅದಕ್ಕೂ ದಾರಿ ಹುಡುಕಿದ. ತಾನು ಮಂಚದ ಬಳಿ ತಲೆ ಬಗ್ಗಿಸುವುದು, ಅಮ್ಮ ಎಡಗೈ ಎತ್ತಿ ತಲೆಯ ಮೇಲಿಡುವುದು. ಅದೇ ಆಶೀರ್ವಾದ, ಅದೇ ಅಪ್ಪಣೆ. ಮಾರನೆಯ ದಿನದಿಂದಲೇ ಅಭ್ಯಾಸ ಶುರುವಾಯಿತು. ಮಗ್ಗುಲು ತಿರುಗಿಸಲು ಕೈ ಕೊಡದವನು ಬೆಳಗ್ಗೆ ಸಂಜೆ ತಾಯಿಯ ಮಂಚದ ಪಕ್ಕ ಮಂಡಿಯೂರಿ ಕೂರತೊಡಗಿದ. "ಅಮ್ಮಾ, ಎಲ್ಲಿ, ಕೈ ಎತ್ತು. ಹಾಂ, ಇನ್ನೂ ಸ್ವಲ್ಪ. ಶಭಾಷ್!"

ಕೆಳಗೆ ಇಸ್ತ್ರಿ ಮಾಡುತ್ತ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ! ಒಮ್ಮೆಯಂತೂ ಇದನ್ನು ಇವತ್ತೇ ನಿಲ್ಲಿಸುತ್ತೇನೆಂದು ಧಡಧಡನೆ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಅವಳ ಕಾಲು ನಿಂತಿತು. ಮುದುಕಿಯ ಎಡಗೈ ಮಗನ ಗುಂಗುರಿನಲ್ಲಿ ಮುಳುಗಿತ್ತು. ಬೆರಳುಗಳು ಬಾಚುತ್ತಿದ್ದವು, ಸಿಕ್ಕು ಬಿಡಿಸುತ್ತಿದ್ದವು. ಸೊಟ್ಟಗಾದ ಬಾಯಿ ನಗುತ್ತಿತ್ತು. ಮಗ ಮರಳಿ ಬಂದನೆಂದು ಆ ಜೀವ ನಂಬಿಬಿಟ್ಟಿತ್ತು. ತನ್ನನ್ನು ಬಿಟ್ಟುಹೋಗಲು ಅವನು ತನ್ನಿಂದಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಾನೆಂದು ಅದಕ್ಕೇನು ಗೊತ್ತು?

ಸೊಸೆ ಸದ್ದಿಲ್ಲದೆ ಕೆಳಗಿಳಿದಳು. ಆ ನಗುವನ್ನು ಕಿತ್ತುಕೊಳ್ಳಲು ಅವಳ ಕೈಲಾಗಲಿಲ್ಲ. ಆ ಸಿಟ್ಟಿನಲ್ಲಿ ಯಾರದೋ ಬಿಳಿ ಅಂಗಿಯ ಕಾಲರ್ ಸುಟ್ಟುಬಿಟ್ಟಳು.

ಭಿಕ್ಷುಗಳು ಬರುವ ಬೆಳಗ್ಗೆ ಅವನು ಹೊರಗೆ ಹೋಗಿ ಬಂದ. ತಲೆ ನುಣ್ಣಗಿತ್ತು. ಹುಬ್ಬನ್ನೂ ಬಿಟ್ಟಿರಲಿಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದಳು ಅವಳು. "ಅಪ್ಪಣೆ ಕೇಳೋ ಮೊದ್ಲೇ ಬೋಳಿಸ್ಕೊಂಡ್ರಾ?"

"ಅಮ್ಮ ಕೊಟ್ಟೇ ಕೊಡ್ತಾಳೆ. ನಿನ್ನೇನೂ ಎಷ್ಟು ಚೆನ್ನಾಗಿ ಕೈ ಇಟ್ಲು ಗೊತ್ತಾ?"

ಹಿರಿಯ ಭಿಕ್ಷು ವಯಸ್ಸಾದವರು. ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು ಮಂಚದ ಎದುರು ಕೂತರು. ಅವನ ಬೋಳುತಲೆ ನೋಡಿ ಅವರ ಮುಖ ಗಂಟಾಯಿತು. ಅವರು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

"ಸ್ವಾಮಿ, ನನ್ನನ್ನಂತೂ ಯಾರೂ ಕೇಳೋ ಹಾಗಿಲ್ಲವಂತೆ. ನಾನೇ ಕೇಳ್ತೀನಿ. ಅತ್ತೆ ಬೆನ್ನಿನ ಹುಣ್ಣು ಹೋದ ಜನ್ಮದ ಪಾಪಕ್ಕೆ ಆಗಿದ್ದಾ?"

"ಪಟ್ಟ ನೋವೆಲ್ಲ ಹಿಂದಿನ ಕರ್ಮದ್ದೇ ಅಂತ ಬುದ್ಧರು ಹೇಳಿಲ್ಲ, ತಾಯಿ. ಪಿತ್ತದಿಂದ ಬರುತ್ತೆ, ವಾತದಿಂದ ಬರುತ್ತೆ. ಆರೈಕೆ ಸರಿ ಇಲ್ದಿದ್ರೂ ಬರುತ್ತೆ. ಮನಸ್ಸಿಟ್ಟು ಮಾಡೋದೇ ಕರ್ಮ."

"ಮನಸ್ಸಿಟ್ಟು ಮಾಡದೇ ಇರೋದು?"

ಭಿಕ್ಷುಗಳು ಕೊನೇಜನ್ಮನತ್ತ ನೋಡಿದರು. ಅವನು ಆ ಪ್ರಶ್ನೆ ಕೇಳಿಸದವನಂತೆ ಮಂಡಿಯೂರಿ, ತಲೆಯನ್ನು ಮಂಚದ ಅಂಚಿಗೆ ಬಗ್ಗಿಸಿದ.

"ಅಮ್ಮಾ, ಎಲ್ಲಿ, ಕೈ ಎತ್ತು."

ದನಿ ಕೇಳಿ ಮುದುಕಿಯ ಮುಖ ಅರಳಿತು. ಎಡಗೈ ಮೇಲೆದ್ದಿತು, ತಡಕುತ್ತ ಬಂದು ತಲೆಯ ಮೇಲೆ ಇಳಿಯಿತು. ನುಣುಪು ತಾಗಿದ್ದೇ ತಡ, ಬಿಸಿ ಇಸ್ತ್ರಿ ಮುಟ್ಟಿದಂತೆ ಹಿಂದಕ್ಕೆ ಸೆಳೆದುಕೊಂಡಿತು. ಮುದುಕಿ ಆ ಕಡೆ ಈ ಕಡೆ ಗಾಳಿಯಲ್ಲಿ ತಡಕಾಡಿದಳು. ದನಿ ಇಲ್ಲಿದೆ, ಮಗನೆಲ್ಲಿ? ಗಂಟಲಿನಿಂದ ಗೊರಗೊರ ಸದ್ದು ಹೊರಟಿತು.

"ಅಮ್ಮಾ, ನಾನೇ! ನಾನೇ ಕಣಮ್ಮಾ!" ಅವನು ತಾಯಿಯ ಕೈ ಹಿಡಿದು ಬಲವಂತದಿಂದ ತನ್ನ ತಲೆಗೆ ಒತ್ತಿಕೊಂಡ. ಮುದುಕಿ ಕೊಸರಿಕೊಂಡಳು.

"ಬಿಡ್ರೀ ಆ ಕೈನಾ!" ಹೆಂಡತಿ ಕಿರುಚಿದ್ದು ಬೀದಿಗೂ ಕೇಳಿಸಿರಬೇಕು. ಗಂಡನ ಭುಜ ಹಿಡಿದು ಹಿಂದಕ್ಕೆ ಎಳೆದಳು. "ನಾಚಿಕೆ ಆಗಲ್ವಾ ನಿಮ್ಗೆ? ಅವ್ರ ಹತ್ರ ಉಳಿದಿರೋದು ಅದೊಂದೇ ಕೈ. ಅದನ್ನೂ ಕಿತ್ಕೊಂಡು ಮೋಕ್ಷಕ್ಕೆ ಹೋಗ್ತೀರಾ?"

ಭಿಕ್ಷುಗಳು ಎದ್ದು ನಿಂತರು. "ಅಪ್ಪಣೆ ಸಿಗಲಿಲ್ಲಪ್ಪ" ಎಂದಷ್ಟೇ ಹೇಳಿದರು. ಬಾಗಿಲ ಬಳಿ ಅವಳತ್ತ ತಿರುಗಿ, "ನಿಮ್ಮನ್ನು ಕೇಳಬೇಕು ಅನ್ನೋ ನಿಯಮ ನಮ್ಮಲ್ಲಿ ಇಲ್ಲ, ನಿಜ" ಎಂದು ತಲೆ ತಗ್ಗಿಸಿದರು.

"ಇರಬೇಕಿತ್ತು" ಎಂದಳು ಅವಳು. ಅವರು ನಿಧಾನವಾಗಿ ಮೆಟ್ಟಿಲಿಳಿದರು.

ಕೋಣೆಯಲ್ಲಿ ಮೂವರೇ ಉಳಿದರು. ಮುದುಕಿ ಬಾಗಿಲ ಕಡೆಗೇ ಕೈ ಚಾಚುತ್ತಿದ್ದಳು, ಮಗನನ್ನು ಕರೆಯಿರಿ ಎನ್ನುವ ಹಾಗೆ. ಮಗ ಮಂಚದ ಕಾಲಿನ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ.

"ಮತ್ತೆ ಹುಟ್ಟಲ್ಲ ಅಂತಿದ್ರಲ್ಲಾ" ಎಂದಳು ಅವಳು. ದನಿ ಈಗ ತಗ್ಗಿತ್ತು, ಸಿಟ್ಟು ತಗ್ಗಿರಲಿಲ್ಲ. "ಸಾಯೋ ಕಷ್ಟಾನೂ ಇಲ್ದೆ ಇದೇ ಮನೇಲಿ ಹುಟ್ಟಿಬಿಟ್ರಿ ನೋಡಿ. ಹೆತ್ತ ತಾಯಿಗೆ ಯಾರೋ ಆಗಿ."

ಅವಳು ಬಿಸಿನೀರಿನ ಬೋಗುಣಿ ತಂದು ಅವನ ಮುಂದಿಟ್ಟಳು, ಅದರಲ್ಲಿ ಬಟ್ಟೆ ಅದ್ದಿ ಕೈಗೆ ಕೊಟ್ಟಳು.

"ಏಳಿ. ಹುಣ್ಣು ಒರೆಸ್ಬೇಕು. ನಾನು ತಿರುಗಿಸಿ ಹಿಡ್ಕೋತೀನಿ."

ಅವನು ಎದ್ದ. ಮೊದಲ ಸಲ ತಾಯಿಯ ಬೆನ್ನಿಗೆ ಕೈ ಹಾಕಿದ. ಆ ಕೈ ತಾಗಿದೊಡನೆ ಮುದುಕಿ ಗಾಬರಿಬಿದ್ದು, ತನ್ನ ಒಂದೇ ಕೈಯಿಂದ ಹೊದಿಕೆಯನ್ನು ಎಳೆದೆಳೆದು ಮೈ ಮುಚ್ಚಿಕೊಂಡಳು. ಪರಗಂಡಸಿನ ಎದುರು ಯಾವ ಹೆಂಗಸಾದರೂ ಹಾಗೇ ಮುಚ್ಚಿಕೊಳ್ಳುತ್ತಾಳೆ.

ಅವನ ಕೈಯಲ್ಲಿ ಬಟ್ಟೆ ತೊಟ್ಟಿಕ್ಕುತ್ತಿತ್ತು. ಹುಬ್ಬಿಲ್ಲದ ಆ ಮುಖ ನೋಡಿ ಹೆಂಡತಿಗೆ ಅಯ್ಯೋ ಅನಿಸಿತು. ಹಾಗೆ ಅನಿಸಿದ್ದಕ್ಕೂ ಸಿಟ್ಟು ಬಂತು.

"ನಿಂತ್ಕೋಬೇಡಿ, ನೀರು ಆರುತ್ತೆ" ಎಂದಳು. "ಅವ್ರಿಗೆ ಗುರುತು ಸಿಗೋವರೆಗೂ ಒರೆಸಿ."