ಒಳಜೇಬು

"ಮುಟ್ಟಬೇಡಿ ಆ ಚೀಲಾನ! ನಾನು ನೋಡೋ ತನಕ ಈ ಮನೆಯಿಂದ ಒಂದು ದಾರದ ಎಳೆಯೂ ಆಚೆ ಹೋಗಲ್ಲ!"

"ಅಮ್ಮಾ, ಹನ್ನೊಂದೂವರೆಗೆ ಬಸ್ಸು. ನೀವೊಂದು ಸಹಿ ಹಾಕಿಬಿಟ್ಟರೆ..."

"ಸಹಿಯಂತೆ ಸಹಿ! ಮೂರು ಸಲ ಬಂದ್ರಿ, ಮೂರು ಸಲಾನೂ ನಿಮ್ಮ ತೋಳಿನ ಹೊಲಿಗೆ ಬಿಟ್ಟು ನೇತಾಡ್ತಿತ್ತು. ಒಂದು ತೋಳು ನೆಟ್ಟಗಿಟ್ಕೊಳ್ಳೋಕೆ ಆಗಲ್ಲ, ನಮ್ಮ ಮಗೂನ ನೆಟ್ಟಗೆ ನೋಡ್ಕೊಳ್ತೀರಾ?"

ಮಕ್ಕಳ ರಕ್ಷಣೆಯ ಆಫೀಸಿನಿಂದ ಬಂದಿದ್ದ ಹೆಂಗಸು ಮೆಲ್ಲಗೆ ತೋಳನ್ನು ಕೈಯಿಂದ ಮುಚ್ಚಿಕೊಂಡಳು.

ಹೀಗೆ ಗದರಿದ ದೊಡ್ಡಮ್ಮ ಮೂವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ತುಳಿದು ಬದುಕಿದವಳು. ಮನುಷ್ಯರ ಮಾತಿಗಿಂತ ಅವರ ಬಟ್ಟೆಯ ಒಳಮೈಯನ್ನೇ ಹೆಚ್ಚು ನಂಬುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅವಳ ತಂಗಿ. ಬುದ್ಧಿ ಸ್ವಾಧೀನ ತಪ್ಪಿ ನಾಲ್ಕು ವರ್ಷವಾಗಿತ್ತು. ಆ ತಂಗಿಯ ಮಗಳಿಗೆ ಹನ್ನೊಂದು ವರ್ಷ. ಎಷ್ಟು ತೆಳ್ಳಗೆಂದರೆ, ದೊಡ್ಡಮ್ಮ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದಳು. ತಾಯಿಗೆ ಸ್ನಾನ ಮಾಡಿಸಿ, ಉಣಿಸಿ, ದೊಡ್ಡಮ್ಮನ ಬಟ್ಟೆಗಳಿಗೆ ಗುಂಡಿ ಹಚ್ಚಿ, ಉಳಿದ ಹೊತ್ತಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ. ಹೊತ್ತು ಉಳಿಯುತ್ತಲೇ ಇರಲಿಲ್ಲ. ಶಾಲೆಯವರು ಆಫೀಸಿಗೆ ಬರೆದರು, ಆಫೀಸಿನವರು ಅವಳನ್ನು ದೂರದ ವಸತಿ ಶಾಲೆಗೆ ಸೇರಿಸಿದರು. ಅದಾಗಿ ಆರು ತಿಂಗಳು. ಹತ್ತು ದಿನದ ರಜೆಗೆಂದು ಬಂದವಳು ಇವತ್ತು ಹೊರಡಬೇಕಿತ್ತು. ದೊಡ್ಡಮ್ಮ ಸಹಿ ಹಾಕಿದರೆ ಮುಂದಿನ ವರ್ಷವೂ ಅಲ್ಲೇ. ಹಾಕದಿದ್ದರೆ ಇಲ್ಲೇ, ಗುಂಡಿ ಡಬ್ಬದ ಮುಂದೆ.

ಆ ಹತ್ತು ದಿನವೂ ದೊಡ್ಡಮ್ಮನಿಗೆ ಗುಮಾನಿ. ಹುಡುಗಿ ಯಾರೂ ಎಬ್ಬಿಸದೆ ಏಳುತ್ತಿದ್ದಳು. ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದಳು. ತಟ್ಟೆಗೆ ಕೈ ಅಡ್ಡ ಇಟ್ಟು ಗಬಗಬ ತಿನ್ನುತ್ತಿದ್ದಳು. "ಹೊಡೀತಾರೇನೇ?" ಎಂದರೆ "ಇಲ್ಲ." "ಕೂಡಿ ಹಾಕ್ತಾರಾ?" "ಇಲ್ಲ." ಮೊದಲಿನ ಗುಂಡುಸೂಜಿಯಾಗಿದ್ದರೆ ಒಂದು ಪ್ರಶ್ನೆಗೆ ಹತ್ತು ಸಲ ಚುಚ್ಚುತ್ತಿದ್ದಳು. ಈ ಬಾಯಿಗೆ ಹೊಲಿಗೆ ಹಾಕಿದವರು ಯಾರು?

ದೊಡ್ಡಮ್ಮ ಚೀಲವನ್ನು ಕತ್ತರಿಸುವ ಮೇಜಿನ ಮೇಲೆ ಸುರಿದಳು. ಸಮವಸ್ತ್ರದ ಲಂಗವನ್ನು ತಿರುವಿ ಹಾಕಿ ಬೆಳಕಿಗೆ ಹಿಡಿದಳು.

"ಈ ಅಂಚು ಬಿಚ್ಚಿ ಇಳಿಸಿದೋರು ಯಾರು? ಇದು ನನ್ನ ಹೊಲಿಗೆ ಅಲ್ಲ."

"ಮಗು ಬೆಳೆದಿದೆಯಲ್ಲಮ್ಮ" ಎಂದಳು ಆಫೀಸಿನವಳು.

"ಬೆಳೆದಿರೋದು ನನಗೆ ಕಾಣಲ್ವಾ?"

ನಿಜಕ್ಕೂ ಕಂಡಿರಲಿಲ್ಲ. ಅದು ಇನ್ನಷ್ಟು ಸಿಟ್ಟು ತರಿಸಿತು. ಬೆರಳುಗಳು ಸೊಂಟದ ಪಟ್ಟಿಯ ಉದ್ದಕ್ಕೂ ಹರಿದು ಒಂದು ಕಡೆ ನಿಂತವು. ಒಳಗೆ ಗಟ್ಟಿಯಾದದ್ದೇನೋ ಇತ್ತು. ಸಣ್ಣದೊಂದು ಜೇಬು, ಹೊರಗೆ ಗೊತ್ತಾಗದ ಹಾಗೆ ಹೊಲಿದದ್ದು.

"ನೋಡಿದ್ರಾ? ಕಳ್ಳಜೇಬು! ಇದರಲ್ಲಿ ಏನು ಸಾಗಿಸ್ತಾರೆ ಮಕ್ಕಳ ಕೈಲಿ?"

"ದೊಡ್ಡಮ್ಮ, ಬೇಡ" ಎಂದಳು ಹುಡುಗಿ.

ಕತ್ತರಿಯ ತುದಿ ಅಷ್ಟರಲ್ಲಿ, ಜೇಬಿನ ಬಾಯಿ ಹುಡುಕದೆ, ಹೊಲಿಗೆ ಸೀಳಿತ್ತು. ಮೇಜಿನ ಮೇಲೆ ಠಣ್ಣೆಂದು ಬಿದ್ದದ್ದು ಒಂದು ಕೀಲಿಕೈ. ಇದೇ ಮನೆಯದು.

"ಇದು ನಿನ್ನ ಹತ್ರ ಯಾಕೆ?"

"ಹೋಗುವಾಗ ತಗೊಂಡು ಹೋಗಿದ್ದೆ. ಕ್ಲಾಸಲ್ಲೂ ಕೈಯಲ್ಲೇ ಹಿಡ್ಕೊಂಡಿರ್ತಿದ್ದೆ, ಬರೆಯೋಕೆ ಆಗ್ತಿರಲಿಲ್ಲ. ವಾರ್ಡನ್ ಜೇಬು ಹೊಲಿದುಕೊಟ್ರು. ಇಲ್ಲೇ ಇರುತ್ತೆ, ಬೇಕಾದಾಗ ಮುಟ್ಟಿ ನೋಡ್ಕೊಂಡು ಬರಿ ಅಂದ್ರು."

ದೊಡ್ಡಮ್ಮನ ಕೈಯಲ್ಲಿ ಕತ್ತರಿ ಹಾಗೇ ಇತ್ತು. ಹರಿದ ಜೇಬಿನ ಹೊಲಿಗೆಯನ್ನು ಈಗ ಸರಿಯಾಗಿ ನೋಡಿದಳು. ಒತ್ತೊತ್ತಾಗಿ, ಎರಡೆರಡು ಸಲ ಹಾಕಿದ್ದು. ಅಸಡ್ಡೆಯ ಕೈಯಲ್ಲ.

"ಆದ್ರೆ ಇದು ಹಳೇ ಬೀಗದ್ದು ಕಣೇ..."

"ಗೊತ್ತು. ಬಂದ ದಿನಾನೇ ಹಾಕಿ ನೋಡಿದೆ. ತಿರುಗಲಿಲ್ಲ. ಆಮೇಲೆ ಬಾಗಿಲು ತಟ್ಟಿದೆ."

"ಅಯ್ಯೋ, ನಿಮ್ಮಮ್ಮ ಆ ಬೀಗ ತೆಗೆಯೋದು ಕಲಿತು ರಸ್ತೆಗೆ ಓಡ್ತಿದ್ಲು! ಅದಕ್ಕೆ ಬದಲಿಸಿದೆ. ನಿನ್ನನ್ನ ಆಚೆ ಹಾಕೋಕೆ ಅಂದ್ಕೊಂಡ್ಯಾ?"

ಹುಡುಗಿ ಕಣ್ಣು ಸಣ್ಣ ಮಾಡಿ ನೋಡಿದಳು. ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ದೊಡ್ಡಮ್ಮ ನೋಡುತ್ತಾಳಲ್ಲ, ಅದೇ ನೋಟ.

"ಹತ್ತು ದಿನ ಕಾದೆ, ಬೀಗದ ವಿಷಯ ನೀನೇ ಹೇಳ್ತೀಯ ಅಂತ" ಎಂದಳು ಕೊನೆಗೆ. "ಸಹಿ ಹಾಕು ದೊಡ್ಡಮ್ಮ."

ದೊಡ್ಡಮ್ಮ ಹಾಕಿದಳು. ಮೂರನೇ ತರಗತಿಯಲ್ಲಿ ಕಲಿತ ದಪ್ಪ ಅಕ್ಷರಗಳಲ್ಲಿ, ಪೆನ್ನು ಕಾಗದ ಸೀಳುವ ಹಾಗೆ. ಆಮೇಲೆ ಗುಂಡಿ ಡಬ್ಬವನ್ನು ಎಳೆದುಕೊಂಡಳು.

"ನಿಲ್ಲು. ಹೊಸ ಬೀಗದ್ದು ಇನ್ನೊಂದು ಕೀಲಿಕೈ ಇದೆ, ಇದರಲ್ಲೇ ಎಲ್ಲೋ ಹಾಕಿದ್ದೆ. ನಿಲ್ಲೇ ಒಂದು ನಿಮಿಷ!"

"ಬಸ್ಸು ತಪ್ಪಿಸೋಕೆ ಹುಡುಕ್ತಿದೀಯಾ?"

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ವಿಚಾರಣೆ. ದೊಡ್ಡಮ್ಮ ಅಲ್ಲ ಎನ್ನಬೇಕಿತ್ತು, ಪೂರ್ತಿ ಅಲ್ಲ ಎನ್ನಲು ಅವಳಿಗೇ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಇಡೀ ಡಬ್ಬವನ್ನು ನೆಲಕ್ಕೆ ಸುರಿದಳು. ಬಿಳಿ, ಕಪ್ಪು, ಕಂದು ಗುಂಡಿಗಳು ಯಂತ್ರದ ಕೆಳಗೆಲ್ಲ ಉರುಳಿದವು. ಹಿಂದೆ ಚೀಲದ ಜಿಪ್ ಎಳೆದ ಸದ್ದು, ಒಳಕೋಣೆಯಲ್ಲಿ "ಅಮ್ಮ, ಬರ್ತೀನಿ" ಎಂಬ ಪಿಸುಮಾತು, ಎರಡು ಜೊತೆ ಚಪ್ಪಲಿಯ ಸಪ್ಪಳ.

ಕೀಲಿಕೈ ಸಿಕ್ಕಿತು. ಹಿಡಿದುಕೊಂಡು ಬಾಗಿಲಿಗೆ ಓಡಿದರೆ, ಹುಡುಗಿ ಬೀದಿಯ ತಿರುವು ದಾಟುತ್ತಿದ್ದಳು. ಇಳಿಸಿದ ಅಂಚಿನ ಇನ್ನೊಂದು ಲಂಗ ತೊಟ್ಟಿದ್ದಳು. ಅಳತೆ ಸರಿಯಾಗಿತ್ತು.

ಹಳೆಯ ಕೀಲಿಕೈ ಮೇಜಿನ ಮೇಲೆಯೇ ಇತ್ತು.

ಬಸ್ಸು ತಪ್ಪಿದರೆ ವಾಪಸು ಬರಬಹುದೆಂದು ದೊಡ್ಡಮ್ಮ ಬಾಗಿಲಿಗೆ ಬೀಗ ಹಾಕಲಿಲ್ಲ. ತಂಗಿ ಆಚೆ ಓಡದಂತೆ ಹೊಸಿಲಿಗೆ ಅಡ್ಡವಾಗಿ ತಾನೇ ಕೂತಳು. ಹನ್ನೆರಡಾಯಿತು, ಒಂದಾಯಿತು. ಹುಡುಗಿ ಬರಲಿಲ್ಲ.